ಚೆಕ್ ಅಂದ್ರೆ ರಾಜ

ಕಳೆದ ಶುಕ್ರವಾರ ಒಂದು ತಲೆಹರಟೆ ಲೆಕ್ಕ ಶುರು ಮಾಡಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಕಿವಿಗೆ 'ಚೆಕ್' ಅನ್ನೋ ಪದ ಎಷ್ಟು ಸಲ ಬೀಳುತ್ತೆ ನೋಡೋಣ ಅಂತ. ಮನೆ ಓನರ್ ಫೋನ್ ಮಾಡಿ "ಈ ಸಲ ಅಡ್ವಾನ್ಸು ಚೆಕ್ಕಲ್ಲೇ ಕೊಟ್ಬಿಡಿ" ಅಂದ್ರು. ಆಫೀಸ್ ಗೇಟಲ್ಲಿ ಸೆಕ್ಯುರಿಟಿಯವರು ಬ್ಯಾಗ್ ಚೆಕ್ ಮಾಡಿದ್ರು. ಲೀಡ್ ಬಂದು "ಕೋಡ್ ಚೆಕ್ ಇನ್ ಆಯ್ತಾ?" ಅಂತ ಕೇಳಿದ. ಊಟದ ಹೊತ್ತಲ್ಲಿ ಇಬ್ಬರು ಮೊಬೈಲಲ್ಲಿ ಚೆಸ್ ಆಡ್ತಾ "ಚೆಕ್!" ಅಂತ ಕೂಗಿದ್ರು, ಅವರಲ್ಲಿ ಒಬ್ಬ ಹಾಕಿದ್ದು ಚೆಕ್ಸ್ ಶರ್ಟು. ಸಂಜೆ ಅಮ್ಮ ಫೋನಲ್ಲಿ "ಅಪ್ಪಂಗೆ ಶುಗರ್ ಚೆಕ್ ಮಾಡಿಸ್ಕೊಂಡು ಬಂದ್ವಿ" ಅಂದ್ರು. ಇಪ್ಪತ್ತಮೂರರವರೆಗೆ ಎಣಿಸಿ ಕೈಬಿಟ್ಟೆ.

ನಮ್ಮ ಕೆಲಸದಲ್ಲಿ ಒಂದೇ ಹೆಸರಿನ ಫಂಕ್ಷನ್ ಹತ್ತು ಕಡೆ ಹತ್ತು ಥರ ಕೆಲಸ ಮಾಡ್ತಾ ಇದ್ರೆ ಮೊದಲು ಬೈಕೋತೀವಿ. ಆಮೇಲೆ ಇದನ್ನ ಮೊದಲು ಬರೆದ ಪುಣ್ಯಾತ್ಮ ಯಾರು ಅಂತ ಹಿಂದೆ ಹಿಂದೆ ಹುಡುಕಿಕೊಂಡು ಹೋಗ್ತೀವಿ. ಈ ಪದದ ವಿಷಯದಲ್ಲೂ ಹಾಗೇ ಮಾಡಿದೆ. ಎರಡು ವಾರ ಸಂಜೆ ಸಂಜೆ ಕೂತು ಓದಿದ್ದನ್ನ ಇಲ್ಲಿ ಹಾಕ್ತಾ ಇದ್ದೀನಿ.

ಹುಡುಕೋಕೆ ಇನ್ನೊಂದು ಕಾರಣಾನೂ ಇತ್ತು. ನಾನು ಕಲಿತ ಮೊದಮೊದಲ ಇಂಗ್ಲಿಷ್ ಪದಗಳಲ್ಲಿ ಇದೂ ಒಂದು, ಕಲಿತಿದ್ದು ಹೆದರಿಕೆಯ ಜೊತೆ. ಅಪ್ಪ ನಮ್ಮೂರ ಕಡೆ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ರು. ರಾತ್ರಿ ಅವರು ಬಂದು ಜಗಲಿಯಲ್ಲಿ ಚಪ್ಪಲಿ ಬಿಡೋ ಹೊತ್ತಿಗೇ ಅಮ್ಮ ಒಳಗಿಂದ ಕೇಳೋರು, "ಇವತ್ತು ಚೆಕಿಂಗ್ ಬಂದಿತ್ತಾ?" ಅಂತ. ಅಪ್ಪ "ಇಲ್ಲ" ಅಂದ್ರೆ ತಟ್ಟೆ ಹಾಕೋ ಸದ್ದು. "ಹೂಂ" ಅಂದ್ರೆ ಸ್ವಲ್ಪ ಹೊತ್ತು ಏನೂ ಸದ್ದಿಲ್ಲ. ಚೆಕಿಂಗ್ ಅಂದ್ರೆ ಘಟ್ಟದ ತಿರುವಿನಲ್ಲಿ ಬಸ್ಸಿಗೆ ಅಡ್ಡ ಬರೋ ಯಾವುದೋ ಪ್ರಾಣಿ ಅಂತ ನಾನು ತುಂಬಾ ದಿನ ತಿಳ್ಕೊಂಡಿದ್ದೆ. ಆ ಕಥೆಗೆ ಆಮೇಲೆ ಬರ್ತೀನಿ.

ಮೊದಲು ರಾಜನ ಕಥೆ. 'ಚೆಕ್' ಅನ್ನೋದು ಮೂಲದಲ್ಲಿ ಪರ್ಷಿಯನ್ನಿನ 'ಶಾಹ್'. ಅಂದ್ರೆ ರಾಜ. ಬಾದಶಾಹನ ಶಾಹ, ಬಿಜಾಪುರದ ಆದಿಲ್ ಶಾಹಿಯ ಶಾಹಿ, ನಿಮ್ಮ ಬೀರುವಿನಲ್ಲಿರೋ ಚೆಕ್ ಬುಕ್ಕಿನ ಚೆಕ್ಕು.... ಎಲ್ಲಾ ಒಂದೇ ಮನೆತನ! ಇದು ಇಂಗ್ಲಿಷಿಗೆ ಹೋಗಿದ್ದು ಚದುರಂಗದ ಹಲಗೆ ಮೇಲೆ ಕೂತುಕೊಂಡು.

ಆನೆ, ಕುದುರೆ, ರಥ, ಕಾಲಾಳು ಅಂತ ನಾಲ್ಕು ಅಂಗ ಇರೋದಕ್ಕೆ ಚತುರಂಗ. 7ನೇ ಶತಮಾನದಲ್ಲಿ ಬಾಣಭಟ್ಟ ತನ್ನ 'ಹರ್ಷಚರಿತ'ದಲ್ಲಿ ಹರ್ಷನ ಆಳ್ವಿಕೆಯನ್ನ ಹೊಗಳ್ತಾ, ಆ ಕಾಲದಲ್ಲಿ ಚತುರಂಗದ ಜೋಡಣೆ ಕಾಣಿಸ್ತಾ ಇದ್ದಿದ್ದು ಎಂಟು ಮನೆಯ ಆಟದ ಹಲಗೆ ಮೇಲೆ ಮಾತ್ರ ಅನ್ನೋ ಅರ್ಥದ ಒಂದು ಶ್ಲೇಷೆ ಮಾಡ್ತಾನೆ. ಅಂದ್ರೆ ನಿಜವಾದ ಯುದ್ಧವೇ ಇರ್ಲಿಲ್ಲ ಅಂತ. ಅದೇ ಹರ್ಷನನ್ನ ದಕ್ಷಿಣಕ್ಕೆ ಬರದ ಹಾಗೆ ತಡೆದವನು ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹರ್ಷನಿಗೆ ಹರ್ಷವೇ ಇಲ್ಲದ ಹಾಗಾಯ್ತು ಅಂತ ತನ್ನ ಪಾಲಿನ ಶ್ಲೇಷೆ ಮಾಡಿದ್ದಾನೆ. ಬಾಣನಿಗೆ ರವಿಕೀರ್ತಿ ಕೊಟ್ಟ ಚೆಕ್ ಅಂತ ಇದನ್ನ ಕರೀಬಹುದೇನೋ :-)

ಆಟ ಇರಾನಿಗೆ ಹೋಗಿ 'ಚತ್ರಂಗ್' ಆಯ್ತು. ಅಲ್ಲಿಂದ ಅರಬರ ಬಾಯಿಗೆ ಬಿತ್ತು. ಅರಬ್ಬಿಯಲ್ಲಿ ಚಕಾರವೂ ಇಲ್ಲ, ನಮ್ಮ ಗಕಾರವೂ ಇಲ್ಲ; ಹಾಗಾಗಿ 'ಶತ್ರಂಜ್'. ಎದುರಾಳಿಯ ರಾಜನ ಮೇಲೆ ದಾಳಿ ಮಾಡಿದಾಗ "ಶಾಹ್!" ಅಂತ ಹೇಳಿ ಎಚ್ಚರಿಸೋದು ಅಲ್ಲಿನ ರೂಢಿ, "ಸ್ವಾಮಿ, ನಿಮ್ಮ ರಾಜನನ್ನ ನೋಡ್ಕೊಳ್ಳಿ" ಅನ್ನೋ ಹಾಗೆ. ಅವನಿಗೆ ತಪ್ಪಿಸಿಕೊಳ್ಳೋ ದಾರಿಯೇ ಇಲ್ಲದಿದ್ರೆ "ಶಾಹ್ ಮಾತ್". ಇದನ್ನ ಕೆಲವರು ಅರಬ್ಬಿಯ ಪ್ರಕಾರ 'ರಾಜ ಸತ್ತ' ಅಂತಾರೆ, ಇನ್ನು ಕೆಲವರು ಪರ್ಷಿಯನ್ ಪ್ರಕಾರ 'ರಾಜ ದಿಕ್ಕೆಟ್ಟ' ಅಂತಾರೆ. ಆಟದಲ್ಲಿ ರಾಜನನ್ನ ಕೊಲ್ಲೋದೇ ಇಲ್ವಲ್ಲ, ಅದಕ್ಕೆ ನನ್ನ ಓಟು ಎರಡನೆಯದಕ್ಕೆ.

ಯುರೋಪಿಗೆ ದಾಟಿದ ಮೇಲೆ ಲ್ಯಾಟಿನ್ನಿನವರು ಈ ಶಾಹನನ್ನ ತಮ್ಮ ನಾಲಿಗೆಗೆ ತಕ್ಕ ಹಾಗೆ 'ಸ್ಕಾಕ್' ಅಂತೇನೋ ಮಾಡಿಕೊಂಡ್ರು. ಹಳೇ ಫ್ರೆಂಚಿನಲ್ಲಿ ಅದು 'ಎಶೆಕ್' ಆಯ್ತು, ಇಂಗ್ಲಿಷಿಗೆ ಬರೋ ಹೊತ್ತಿಗೆ ಮುಂದಿನ 'ಎ' ಉದುರಿ 'ಚೆಕ್' ಉಳೀತು. ಅದೇ ಫ್ರೆಂಚ್ ಪದದ ಬಹುವಚನ ಸವೆದು 'ಚೆಸ್' ಆಗಿದೆ. ಅಂದ್ರೆ ಚೆಸ್ಸೂ ಚೆಕ್ಕೂ ಒಂದೇ ಪದದ ಎರಡು ರೂಪ. ಜರ್ಮನ್ನರು ಆಟವನ್ನೇ 'ಶಾಖ್' ಅಂತಾರೆ, ರಷ್ಯನ್ನರು ಇನ್ನೂ ಮುಂದೆ ಹೋಗಿ ಆಟಕ್ಕೇ 'ಶಾಖ್ಮತಿ' ಅಂತ ಹೆಸರಿಟ್ಟಿದ್ದಾರೆ.

ಚೆಕ್ ಬಿದ್ದಾಗ ಏನಾಗುತ್ತೆ? ನೀವು ಏನೇ ಹೊಂಚು ಹಾಕಿದ್ರೂ ಅದನ್ನೆಲ್ಲ ಬಿಟ್ಟು ಮೊದಲು ರಾಜನನ್ನ ಉಳಿಸಬೇಕು. ಆಟ ಅಲ್ಲಿ ಒಂದು ಕ್ಷಣ ತಡೆದು ನಿಲ್ಲುತ್ತೆ. ಹೀಗೆ ಇಂಗ್ಲಿಷಿನಲ್ಲಿ ದಾಳಿ ಅನ್ನೋ ಅರ್ಥದ ಪಕ್ಕದಲ್ಲೇ ತಡೆ, ಅಂಕೆ ಅನ್ನೋ ಅರ್ಥ ಹುಟ್ಟಿತು. ಹಳ್ಳದ ನೀರನ್ನ ತಡೆಯೋ ಚೆಕ್ ಡ್ಯಾಮು, ಲಾರಿಗಳನ್ನ ತಡೆಯೋ ಚೆಕ್ ಪೋಸ್ಟು ಎಲ್ಲಾ ಈ ಕವಲಿನವು. (ಚೆಕ್ ಪೋಸ್ಟಿಗೆ ನಮ್ಮಲ್ಲಿ ಉಕ್ಕಡ, ಸುಂಕದ ಕಟ್ಟೆ ಅಂತ ಎಷ್ಟು ಚಂದದ ಪದಗಳಿದ್ವು! 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಗಡಿಯ ಮಾರಾಟ ತೆರಿಗೆಯ ಚೆಕ್ ಪೋಸ್ಟುಗಳು ಹೋದವು. ಬೆಂಗಳೂರಿನ ಸುಂಕದಕಟ್ಟೆ ಮಾತ್ರ ಹೆಸರು ಹೊತ್ತುಕೊಂಡು ಇನ್ನೂ ಕೂತಿದೆ.) ಹಲಗೆಯ ಮೇಲಿನ ಚೌಕಗಳಿಂದ ಚೆಕ್ಸ್ ಬಟ್ಟೆ ಬಂತು, ನಮ್ಮಮ್ಮ ಅದನ್ನ ಈಗಲೂ ಚೌಕುಳಿ ಅಂತಾನೇ ಕರೆಯೋದು.

ಆದ್ರೆ 'ಸರಿ ಇದೆಯಾ ನೋಡು' ಅನ್ನೋ ಅರ್ಥ? ತಡೆದು ನಿಲ್ಲಿಸಿ ಪರೀಕ್ಷಿಸೋದು ಅನ್ನೋ ದಾರಿಯಲ್ಲಿ ಅದೂ ಬಂತು ಅಂತ ನಿಘಂಟುಗಳು ಹೇಳ್ತವೆ. ಅದರ ಪಕ್ಕದಲ್ಲೇ ಇಂಗ್ಲೆಂಡಿನಲ್ಲಿ ಲೆಕ್ಕ ತಾಳೆ ನೋಡೋ ಒಂದು ಕಚೇರಿ ಬೆಳೀತು. ನನಗೆ ಸಿಕ್ಕಾಪಟ್ಟೆ ಖುಷಿ ಕೊಟ್ಟಿದ್ದು ಅದರ ಕಥೆ, ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ.

ಬ್ರಿಟನ್ನಿನ ಹಣಕಾಸು ಮಂತ್ರಿಗೆ ಇವತ್ತಿಗೂ 'ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್' ಅಂತಾರಲ್ಲ, ಆ 'ಎಕ್ಸ್‌ಚೆಕರ್' ಅಂದ್ರೆ ಚದುರಂಗದ ಹಲಗೆ. 12ನೇ ಶತಮಾನದ ಶುರುವಿನಲ್ಲಿ, ಒಂದನೇ ಹೆನ್ರಿಯ ಕಾಲದಲ್ಲಿ ಇಂಗ್ಲೆಂಡಿನ ರಾಜ್ಯದ ಲೆಕ್ಕವನ್ನೆಲ್ಲ ಒಂದು ಮೇಜಿನ ಮೇಲೆ ಮಾಡ್ತಾ ಇದ್ರು. ಆ ಮೇಜು ಹೇಗಿತ್ತು ಅಂತ ನಮಗೆ ಗೊತ್ತಿರೋದು ರಿಚರ್ಡ್ ಫಿಟ್ಜ್‌ನೀಲ್ ಅನ್ನೋ ಖಜಾಂಚಿಯಿಂದ. ಆತ 1170ರ ದಶಕದ ಕೊನೆಯಲ್ಲಿ, ಶಿಷ್ಯ ಕೇಳ್ತಾನೆ ಗುರು ಹೇಳ್ತಾನೆ ಅನ್ನೋ ಸಂವಾದದ ರೂಪದಲ್ಲಿ, ತನ್ನ ಇಲಾಖೆಯ ಬಗ್ಗೆ ಲ್ಯಾಟಿನ್ನಿನಲ್ಲಿ ಒಂದು ಪುಸ್ತಕ ಬರೆದಿಟ್ಟ. ಇಲಾಖೆ ಬಿಟ್ಟು ಹೋಗೋ ಮುಂಚೆ ಡಾಕ್ಯುಮೆಂಟೇಶನ್ ಬರೆಯದ ನಮ್ಮಂಥವರು ನಾಚಿಕೊಳ್ಳಬೇಕು.

ಮೇಜು ಹತ್ತಡಿ ಉದ್ದ, ಐದಡಿ ಅಗಲ. ಇಟ್ಟದ್ದು ಬೀಳದ ಹಾಗೆ ಸುತ್ತಲೂ ನಾಲ್ಕು ಬೆರಳು ಎತ್ತರದ ಅಂಚು. ಮೇಲೆ ಗೆರೆಗಳಿರೋ ಕಪ್ಪು ಬಟ್ಟೆ. ಆ ಗೆರೆಗಳ ನಡುವೆ ಕಂಬಸಾಲುಗಳು. ಬಲಗಡೆಯದು ಪೆನ್ನಿ, ಅದರ ಎಡಕ್ಕೆ ಶಿಲ್ಲಿಂಗ್, ಆಮೇಲೆ ಪೌಂಡ್, ಇಪ್ಪತ್ತು ಪೌಂಡ್, ನೂರು, ಸಾವಿರ, ಹತ್ತು ಸಾವಿರ. ಸಾಲಿನಲ್ಲಿ ಬಿಲ್ಲೆ ಇಟ್ಟು ಲೆಕ್ಕ. ಗಮನಿಸಿದ್ರಾ? ಆಗಿನ ಇಂಗ್ಲೆಂಡಿನಲ್ಲಿ ಬರೆಯೋಕೆ ಇದ್ದಿದ್ದು ರೋಮನ್ ಅಂಕಿ, ಸೊನ್ನೆ ಇಲ್ಲ, ಸ್ಥಾನಬೆಲೆ ಇಲ್ಲ. ನಮ್ಮ ಅಂಕಿಗಳನ್ನ ಫಿಬೊನಾಚ್ಚಿ ಇಟಲಿಯಲ್ಲಿ ಪುಸ್ತಕ ಬರೆದು ಪರಿಚಯಿಸಿದ್ದೇ 1202ರಲ್ಲಿ. ಅಲ್ಲಿವರೆಗೆ ಈ ಬಟ್ಟೆಯೇ ಅವರ ಸ್ಥಾನಬೆಲೆ, ಖಾಲಿ ಬಿಟ್ಟ ಸಾಲೇ ಅವರ ಸೊನ್ನೆ.

ವರ್ಷಕ್ಕೆ ಎರಡು ಸಲ, ಈಸ್ಟರ್ ಹೊತ್ತಿಗೆ ಮತ್ತು ಸೆಪ್ಟೆಂಬರ್ ಕೊನೆಯ ಮೈಕೆಲ್ಮಸ್ ಹಬ್ಬಕ್ಕೆ, ಪ್ರಾಂತ್ಯ ಪ್ರಾಂತ್ಯಗಳಿಂದ ಶೆರಿಫ್‌ಗಳು ಬಂದು ಈ ಮೇಜಿನ ಎದುರು ಕೂರಬೇಕಿತ್ತು. ಶೆರಿಫ್ ಅಂದ್ರೆ ನಮ್ಮ ಹಳೇ ಅಮಲ್ದಾರರ ಥರ, ಊರೂರಿನ ಕಂದಾಯ ಎತ್ತಿ ರಾಜನಿಗೆ ಕಟ್ಟೋನು. ಅವನು ಕೊಡಬೇಕಾದ್ದಕ್ಕೆ ಒಂದು ಸಾಲು ಬಿಲ್ಲೆ, ಕೊಟ್ಟಿದ್ದಕ್ಕೆ ಅದರ ಕೆಳಗೆ ಇನ್ನೊಂದು ಸಾಲು. ಓದು ಬರಹ ಬರದವನಿಗೂ ಎಲ್ಲಿ ಕಡಿಮೆ ಬಿತ್ತು ಅಂತ ಕಣ್ಣಿಗೆ ಕಾಣುತ್ತೆ. ಫಿಟ್ಜ್‌ನೀಲನ ಶಿಷ್ಯ ಕೇಳ್ತಾನೆ, ಇದಕ್ಕೆ ಚದುರಂಗದ ಹೆಸರು ಬರೀ ಆಕಾರದಿಂದಲೇ ಬಂತಾ ಅಂತ. ಗುರು, ಆಕಾರ ಒಂದೇ ಅಲ್ಲ, ಚದುರಂಗದಲ್ಲಿ ರಾಜರ ನಡುವೆ ಕಾಳಗ ನಡೆಯೋ ಹಾಗೆ ಇಲ್ಲೂ ಖಜಾಂಚಿಗೂ ಶೆರಿಫನಿಗೂ ಕಾಳಗ ನಡೆಯುತ್ತೆ, ಉಳಿದವರು ಸುತ್ತ ಕೂತು ನೋಡಿ ತೀರ್ಪು ಕೊಡ್ತಾರೆ ಅನ್ನೋ ಅರ್ಥ ಬರೋ ಹಾಗೆ ಹೇಳ್ತಾನೆ. ಆಡಿಟ್ ಅಂದ್ರೆ ಕಾಳಗ ಅಂತ 850 ವರ್ಷದ ಹಿಂದೆಯೇ ಗೊತ್ತಿತ್ತು ನೋಡಿ.

ಈಗ ಒಂದು ಪ್ರಶ್ನೆ. ಈಸ್ಟರ್‌ನಲ್ಲಿ ಅರ್ಧ ಹಣ ಕಟ್ಟಿ ಊರಿಗೆ ಹೋದ ಶೆರಿಫ್, ಮೈಕೆಲ್ಮಸ್‌ಗೆ ವಾಪಸ್ ಬಂದಾಗ "ಅರ್ಧ ಆಗಲೇ ಕಟ್ಟಿದ್ದೆ" ಅಂತ ಹೇಗೆ ತೋರಿಸ್ತಾನೆ? ಕಾಗದ ಇಲ್ಲ. ಚರ್ಮದ ಮೇಲೆ ಬರೆದದ್ದನ್ನ ಕೆರೆದು ತಿದ್ದಬಹುದು. ಅದಕ್ಕೆ ಅವರು ಕಂಡುಕೊಂಡ ಉಪಾಯ ಕಡ್ಡಿ. ಟ್ಯಾಲಿ ಕಡ್ಡಿ.

ಹೇಝಲ್ ಅನ್ನೋ ಗಿಡದ ಒಂದು ಗೇಣಿನಷ್ಟು ಉದ್ದದ ಕಡ್ಡಿಯಲ್ಲಿ ಮೊತ್ತಕ್ಕೆ ತಕ್ಕ ಕಚ್ಚು ಹಾಕ್ತಾರೆ. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನ ಅಗಲ, ಇಪ್ಪತ್ತಕ್ಕೆ ಕಿರುಬೆರಳು, ಒಂದು ಪೌಂಡಿಗೆ ಮಾಗಿದ ಬಾರ್ಲಿ ಕಾಳು, ಪೆನ್ನಿಗೆ ಬರೀ ಒಂದು ಗೀಟು. ಕಚ್ಚು ಹಾಕಿ ಆದ ಮೇಲೆ ಕಡ್ಡಿಯನ್ನ ಉದ್ದಕ್ಕೆ ಸೀಳ್ತಾರೆ. ಎರಡು ಅರ್ಧದಲ್ಲೂ ಅದೇ ಕಚ್ಚುಗಳು. ಹಿಡಿ ಇರೋ ಉದ್ದನೆಯ ಅರ್ಧ 'ಸ್ಟಾಕ್', ಅದು ಹಣ ಕಟ್ಟಿದವನಿಗೆ. ಗಿಡ್ಡ ಅರ್ಧ 'ಫಾಯಿಲ್', ಅದು ಖಜಾನೆಗೆ. ಮುಂದಿನ ಸಲ ಎರಡನ್ನೂ ಕೂಡಿಸಿ ನೋಡಿದ್ರೆ ಆಯ್ತು. ಕಚ್ಚಿಗೆ ಕಚ್ಚು, ಮರದ ನಾರಿಗೆ ನಾರು ಕೂಡಬೇಕು. ಶೆರಿಫ್ ತನ್ನ ಅರ್ಧದಲ್ಲಿ ಕಚ್ಚು ಜಾಸ್ತಿ ಮಾಡಿದ್ರೆ ಸಿಕ್ಕಿಬೀಳ್ತಾನೆ. ಖಜಾನೆಯವನು ತನ್ನದರಲ್ಲಿ ಕೈಯಾಡಿಸಿದ್ರೂ ಅಷ್ಟೇ.

ನನಗೆ ಇಲ್ಲಿ ತಲೆ ನಿಂತುಬಿಡ್ತು. ರಾಜನ ಖಜಾನೆ ಮನಸ್ಸು ಮಾಡಿದ್ರೆ ಲೆಕ್ಕವನ್ನೆಲ್ಲ ತಾನೊಬ್ಬನೇ ಇಟ್ಟುಕೊಳ್ಳಬಹುದಿತ್ತು. ಯಾರು ಕೇಳ್ತಿದ್ರು? ಆದ್ರೂ ಉದ್ದ ಇರೋ ಅರ್ಧವನ್ನ ಕಟ್ಟಿದವನ ಕೈಗೇ ಕೊಡ್ತಿದ್ರು. ಅವನು ಅದನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಊರಿಗೆ ಹೋಗ್ತಿದ್ದ.

'ಸ್ಟಾಕ್' ಅನ್ನೋ ಆ ಅರ್ಧ ಮುಂದೆ ಎಲ್ಲಿಗೆ ಹೋಯ್ತು ಅಂತ ನಿಮಗೆ ಗೊತ್ತಾಗಿರಬೇಕು. ಸರ್ಕಾರಕ್ಕೆ ಸಾಲ ಕೊಟ್ಟವರ ಕೈಲಿರೋ ಅರ್ಧದಿಂದ ಬೆಳೆದು ಈಗಿನ ಸ್ಟಾಕ್ ಮಾರ್ಕೆಟ್ಟಿಗೆ. 'ಫಾಯಿಲ್' ನಮ್ಮ ಕೌಂಟರ್‌ಫಾಯಿಲ್‌ನಲ್ಲಿ ಉಳೀತು. 'ಟ್ಯಾಲಿ' ಅನ್ನೋದು ಲ್ಯಾಟಿನ್ನಿನ ಕಡ್ಡಿ ಅನ್ನೋ ಪದದಿಂದ ಬಂದದ್ದು. ನಾವು ಲೆಕ್ಕ 'ತಾಳೆ' ನೋಡ್ತೀವಲ್ಲ, ದನಿ ಒಂದೇ ಥರ ಇದೆ, ಅರ್ಥವೂ ಪಕ್ಕಾ ಅದೇ! ಆದ್ರೆ ದನಿ ಹೋಲುತ್ತೆ ಅಂತ ನೆಂಟಸ್ತಿಕೆ ಹೇಳೋಕೆ ನನಗೆ ಧೈರ್ಯ ಇಲ್ಲ. ಇನ್ನು ನಮ್ಮ ತಾಲ್ಲೂಕು ತಾಲ್ಲೂಕಿನ ಕಂಪ್ಯೂಟರ್ ಸೆಂಟರುಗಳಲ್ಲಿ ಬಿಕಾಂ ಹುಡುಗರು ಕಲಿಯೋ 'ಟ್ಯಾಲಿ' ಇದೆಯಲ್ಲ, ಅದನ್ನ ಮಾಡೋ ಕಂಪನಿ ನಮ್ಮ ಬೆಂಗಳೂರಿನದೇ. ಕಡ್ಡಿ ಎಲ್ಲಿಂದ ಎಲ್ಲಿಗೆ ಬಂತು ನೋಡಿ....

ಈ ಕಡ್ಡಿಗಳು ಎಷ್ಟು ದಿನ ಬಾಳಿದವು ಅಂತೀರಿ? ಏಳುನೂರು ವರ್ಷ ಹತ್ತಿರ! ಕಾಗದ ಬಂತು, ಅಚ್ಚಿನ ಯಂತ್ರ ಬಂತು, ಬ್ಯಾಂಕ್ ಆಫ್ ಇಂಗ್ಲೆಂಡ್ ಬಂತು, ನ್ಯೂಟನ್ ಬಂದು ಹೋದ, ಖಜಾನೆಯವರು ಮಾತ್ರ ಕಡ್ಡಿ ಸೀಳ್ತಾನೇ ಇದ್ರು. 1782ರಲ್ಲಿ ಸಾಕು ನಿಲ್ಲಿಸಿ ಅಂತ ಕಾನೂನು ಮಾಡಿದ್ರು. ಆದ್ರೆ ಆ ಹುದ್ದೆಯಲ್ಲಿದ್ದ ಹಳಬರು ಇರೋವರೆಗೆ ಇರಲಿ ಅಂತ ಒಂದು ಷರತ್ತು. ಹಾಗಾಗಿ ನಿಜವಾಗಿ ನಿಂತಿದ್ದು 1826ರಲ್ಲಿ. ಲೆಗಸಿ ಕೋಡ್ ಅಂತ ನಾವು ಅಳ್ತೀವಿ!

ಉಳಿದ ಕಡ್ಡಿ ರಾಶಿಯನ್ನ ಏನು ಮಾಡೋದು? 1834ರ ಅಕ್ಟೋಬರ್ 16ರ ಬೆಳಿಗ್ಗೆ ಎರಡು ಗಾಡಿಯಷ್ಟು ಕಡ್ಡಿಗಳನ್ನ ಪಾರ್ಲಿಮೆಂಟಿನ ಹೌಸ್ ಆಫ್ ಲಾರ್ಡ್ಸ್ ಕೆಳಗಿದ್ದ ಒಲೆಗಳಿಗೆ ಹಾಕಿ ಸುಡೋಕೆ ಇಬ್ಬರು ಕೂಲಿಯವರಿಗೆ ಹೇಳಿದ್ರು. ನೂರಾರು ವರ್ಷ ಒಣಗಿದ ಸೌದೆ. ಬೇಗ ಮುಗಿಸಿ ಹೋಗೋಣ ಅಂತ ಅವರು ಜಾಸ್ತಿ ಜಾಸ್ತಿ ತುಂಬಿದ್ರು. ಮಧ್ಯಾಹ್ನ ಕಟ್ಟಡ ನೋಡೋಕೆ ಬಂದವರಿಗೆ ನೆಲದ ಬಿಸಿ ಬೂಟಿನ ಅಡಿಯಿಂದ ಗೊತ್ತಾಗ್ತಾ ಇತ್ತಂತೆ, ಹೊಗೆಯಲ್ಲಿ ಗೋಡೆಯ ಮೇಲಿನ ಚಿತ್ರಪಟಗಳು ಸರಿಯಾಗಿ ಕಾಣಿಸ್ತಾ ಇರ್ಲಿಲ್ಲವಂತೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಂದ್ರೆ, ಯಾರೂ ಚೆಕ್ ಮಾಡಲಿಲ್ಲ. ಸಂಜೆ ಆರರ ಹೊತ್ತಿಗೆ ಹೊಗೆ ಕೊಳವೆಗಳಿಂದ ಬೆಂಕಿ ಮೇಲೆದ್ದು ರಾತ್ರಿಯೆಲ್ಲ ಉರೀತು. ವೆಸ್ಟ್‌ಮಿನ್‌ಸ್ಟರ್ ಹಾಲನ್ನ ಹೇಗೋ ಉಳಿಸಿಕೊಂಡ್ರು, ಎರಡೂ ಸದನಗಳು ಹೋದವು. ಚಿತ್ರಕಾರ ಟರ್ನರ್ ಥೇಮ್ಸ್ ಕಡೆಯಿಂದ ಅದನ್ನ ನೋಡಿ ಚಿತ್ರ ಬರೆದ. ಈಗ ಪೋಸ್ಟ್‌ಕಾರ್ಡ್‌ಗಳಲ್ಲಿ ಕಾಣೋ, ಪಕ್ಕದಲ್ಲಿ ದೊಡ್ಡ ಗಡಿಯಾರದ ಗೋಪುರ ಇರೋ ಪಾರ್ಲಿಮೆಂಟ್ ಕಟ್ಟಡ ಆ ಬೂದಿಯ ಮೇಲೆ ಕಟ್ಟಿದ್ದು.

ಆ ಬೆಂಕಿಯಲ್ಲಿ ಇನ್ನೊಂದು ವಸ್ತುವೂ ಹಾಳಾಯ್ತು. ಇಡೀ ಬ್ರಿಟಿಷ್ ಸಾಮ್ರಾಜ್ಯದ ಗಜಕ್ಕೆ ಅಳತೆಗೋಲಾಗಿದ್ದ, 1760ರಲ್ಲಿ ಮಾಡಿದ, 1824ರಲ್ಲಿ ಕಾನೂನಿನ ಮುದ್ರೆ ಬಿದ್ದ ಹಿತ್ತಾಳೆಯ ಗಜ. ಬೇರೆಲ್ಲ ಅಳತೆಗಳನ್ನ ಯಾವುದಕ್ಕೆ ಹಿಡಿದು ಚೆಕ್ ಮಾಡ್ತಾರೋ ಅದೇ ಹೋಯ್ತು! ಹೊಸದು ತಯಾರಾಗಿ ಕಾನೂನಾಗೋ ಹೊತ್ತಿಗೆ 1855. ಅದೇ 1855ರಲ್ಲಿ ಚಾರ್ಲ್ಸ್ ಡಿಕನ್ಸ್ ಒಂದು ಭಾಷಣದಲ್ಲಿ ಈ ಕಡ್ಡಿ ಪ್ರಸಂಗವನ್ನ ಎತ್ತಿಕೊಂಡು ಸರ್ಕಾರಿ ಕಚೇರಿಗಳನ್ನ ಚೆನ್ನಾಗಿ ಗೇಲಿ ಮಾಡಿದ. ಅಕ್ಕಪಕ್ಕದ ಬಡವರಿಗೆ ಸೌದೆಗೆ ಅಂತ ಕೊಟ್ಟಿದ್ರೆ ಆಗ್ತಿರ್ಲಿಲ್ವಾ ಅನ್ನೋದು ಅವನ ಪ್ರಶ್ನೆ.

ಬ್ಯಾಂಕ್ ಚೆಕ್ಕಿಗೆ ಬರೋಣ. ಹಣ ಕೊಡಿ ಅಂತ ಬ್ಯಾಂಕಿಗೆ ಚೀಟಿ ಬರೆಯೋದು 17ನೇ ಶತಮಾನದ ಲಂಡನ್ನಿನಲ್ಲೇ ಇತ್ತು, ಆದ್ರೆ ಅದಕ್ಕೆ ಚೆಕ್ ಅನ್ನೋ ಹೆಸರು ಇರ್ಲಿಲ್ಲ. 18ನೇ ಶತಮಾನದ ಶುರುವಿನಲ್ಲಿ 'ಚೆಕ್' ಅಂದ್ರೆ ಚೀಟಿ ಹರಿದುಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯೋ ತುಂಡು! ಕಳ್ಳ ಚೀಟಿಗಳಿಗೆ ಅದು ಚೆಕ್, ಅಂದ್ರೆ ತಡೆ. ಆಮೇಲೆ ಹೆಸರು ಮೆಲ್ಲಗೆ ಈ ತುಂಡಿನಿಂದ ಆ ತುಂಡಿಗೆ ಜಾರಿಕೊಳ್ತು. ಬ್ರಿಟಿಷರು 'ಎಕ್ಸ್‌ಚೆಕರ್' ನೆನಪಿನಲ್ಲಿ ಅದರ ಸ್ಪೆಲಿಂಗನ್ನ ಬದಲಾಯಿಸಿದ್ರು, ಅಮೆರಿಕದವರು ಹಳೇದನ್ನೇ ಇಟ್ಟುಕೊಂಡ್ರು. ನಮ್ಮ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನಲ್ಲಿ ಇರೋದು ಬ್ರಿಟಿಷ್ ಸ್ಪೆಲಿಂಗು. ಕನ್ನಡದಲ್ಲಿ ಬರೆದ್ರೆ ಈ ಜಗಳವೇ ಇಲ್ಲ, ಎರಡೂ 'ಚೆಕ್' :-) (ಅರಬ್ಬಿಯ 'ಸಕ್ಕ್', ಅಂದ್ರೆ ಹಣದ ಪತ್ರ, ಅದರಿಂದ ಬಂದದ್ದು ಅನ್ನೋ ವಾದವೂ ಇದೆ. ಅಂಥ ಪತ್ರಗಳು ಅರಬ್ ವ್ಯಾಪಾರಿಗಳಲ್ಲಿ ಇದ್ದದ್ದು ನಿಜ. ಆದ್ರೆ ದೊಡ್ಡ ಇಂಗ್ಲಿಷ್ ನಿಘಂಟುಗಳು ಒಪ್ಪೋದು ಚದುರಂಗದ ದಾರಿಯನ್ನೇ.)

ತಮಾಷೆ ಅಂದ್ರೆ ಕಡ್ಡಿಯ ಬುದ್ಧಿ ಮತ್ತೆ ಮತ್ತೆ ವಾಪಸ್ ಬರುತ್ತೆ. 19ನೇ ಶತಮಾನದ ಅಮೆರಿಕದ ರೈಲುಗಳಲ್ಲಿ ಒಂದೇ ನಂಬರಿನ ಎರಡು ಹಿತ್ತಾಳೆ ಬಿಲ್ಲೆ ಮಾಡಿ, ಒಂದನ್ನ ಟ್ರಂಕಿಗೆ ಕಟ್ಟಿ ಇನ್ನೊಂದನ್ನ ಪ್ರಯಾಣಿಕನ ಕೈಗೆ ಕೊಡ್ತಿದ್ರು. ಆ ಬಿಲ್ಲೆಗೆ ಹೆಸರು 'ಚೆಕ್'. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿಗೆ ಅಂಟಿಸಿ ಅದರ ಚಿಕ್ಕ ತುಂಡನ್ನ ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿಕೊಡ್ತಾರಲ್ಲ, ಅದು ಆ ಹಿತ್ತಾಳೆ ಬಿಲ್ಲೆಯ ಮೊಮ್ಮಗ. ಬೇಸ್‌ಬಾಲ್ ಆಟ ಮಳೆಗೆ ನಿಂತುಹೋದ್ರೆ ಇನ್ನೊಂದು ದಿನ ಬನ್ನಿ ಅಂತ ಕೊಡ್ತಿದ್ದ ಚೀಟಿ 'ರೇನ್ ಚೆಕ್'. ನಮ್ಮಲ್ಲೇ ನೋಡಿ, 2021ರ ಜನವರಿ 1ರಿಂದ ರಿಸರ್ವ್ ಬ್ಯಾಂಕು 'ಪಾಸಿಟಿವ್ ಪೇ' ಅಂತ ತಂತು. 50,000 ರೂಪಾಯಿ ಮತ್ತು ಮೇಲಿನ ಚೆಕ್ ಬರೆದವರು ಅದರ ವಿವರವನ್ನ ಮೊದಲೇ ತಮ್ಮ ಬ್ಯಾಂಕಿಗೆ ಕಳಿಸಬಹುದು. ಚೆಕ್ ಬಂದಾಗ ಬ್ಯಾಂಕಿನವರು ಎರಡನ್ನೂ ಹಿಡಿದು ತಾಳೆ ನೋಡ್ತಾರೆ. ಓದಿದಾಗ ನಕ್ಕುಬಿಟ್ಟೆ. ಹೇಝಲ್ ಕಡ್ಡಿ ಇಲ್ಲ ಅನ್ನೋದು ಬಿಟ್ರೆ ಫಿಟ್ಜ್‌ನೀಲನಿಗೆ ಇದನ್ನ ವಿವರಿಸೋ ಅಗತ್ಯವೇ ಬೀಳ್ತಿರ್ಲಿಲ್ಲ.

ನಾವು ದಿನಾ ಬಳಸೋ ಚೆಕ್‌ಸಮ್ ಕೂಡ ಅದೇ ಜಾತಿ. ಕಳಿಸೋ ಕಡೆ ಒಂದು ಲೆಕ್ಕ, ಪಡೆಯೋ ಕಡೆ ಅದೇ ಲೆಕ್ಕ, ಕೂಡಿದ್ರೆ ಸರಿ. ಆಧಾರ್ ನಂಬರಿನ ಹನ್ನೆರಡನೇ ಅಂಕಿ ಇರೋದೇ ಇದಕ್ಕೆ: ಮೊದಲ ಹನ್ನೊಂದು ಅಂಕಿಗಳಿಂದ ವೆರ್‌ಹಾಫ್ ಅನ್ನೋ ಲೆಕ್ಕದ ಪ್ರಕಾರ ಅದು ಹುಟ್ಟುತ್ತೆ. ಒಂದು ಅಂಕಿ ತಪ್ಪಿದ್ರೆ, ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದ್ರೆ ಗೊತ್ತಾಗುತ್ತೆ.

ಈಗ ಚೆಕಿಂಗ್ ಅನ್ನೋ ಆ ಪ್ರಾಣಿಯ ಕಥೆ. ನಾನಾಗ ಮೂರನೇ ಕ್ಲಾಸು. ಮಳೆಗಾಲ. ಘಟ್ಟದ ಕೆಳಗೆ ಒಬ್ಬ ಹೆಂಗಸು ಮಗಳ ಜೊತೆ ಕೈ ಅಡ್ಡ ಹಿಡಿದು ಬಸ್ ಹತ್ತಿದ್ರು. ಅಪ್ಪ ಹಿಂದಿನ ಸೀಟಿನಲ್ಲಿ ಚಿಲ್ಲರೆ ಕೊಡ್ತಾ ಇದ್ರು. ಮುಂದೆ ಬಂದು ಅವರಿಗೆ ಟಿಕೆಟ್ ಹರಿಯೋಷ್ಟರಲ್ಲಿ, ಎರಡೇ ತಿರುವು ಆದ ಮೇಲೆ, ಓನರ್ ಕಡೆಯ ಚೆಕಿಂಗಿನವರ ಜೀಪು. ತಲೆ ಎಣಿಸಿದ್ರೆ ಟಿಕೆಟ್ಟಿಗಿಂತ ಎರಡು ಜಾಸ್ತಿ. ಅವರು ತಮ್ಮ ಶೀಟಿನಲ್ಲಿ ಎರಡು ಕಡಿಮೆ ಅಂತ ಬರೆದ್ರು, ಅಪ್ಪ ಸಹಿ ಹಾಕಿದ್ರು. ಆ ಇಬ್ಬರು ಎಲ್ಲಿ ಹತ್ತಿದ್ರು, ಎಷ್ಟು ಹೊತ್ತಾಗಿತ್ತು ಅಂತ ಶೀಟಿನಲ್ಲಿ ಜಾಗವೇ ಇರ್ಲಿಲ್ಲ. ಆ ಹೆಂಗಸು "ಈಗಷ್ಟೇ ಹತ್ತಿದ್ದು" ಅಂದಿದ್ದನ್ನೂ ಯಾರೂ ಬರ್ಕೊಳ್ಳಲಿಲ್ಲ. ಶೀಟು ಜೀಪಿನ ಜೊತೆ ಹೋಯ್ತು. ಅಪ್ಪನ ಹತ್ರ ಅದರ ಒಂದು ಕಾರ್ಬನ್ ಕಾಪಿಯೂ ಇಲ್ಲ. ಆಫೀಸಿಗೆ ಹೋಗಿ ಹೇಳಿದ್ರೆ "ಶೀಟಿನಲ್ಲಿ ಹೀಗಿದೆಯಲ್ರೀ, ನಿಮ್ಮ ಸಹಿನೂ ಇದೆ" ಅನ್ನೋ ಉತ್ತರ. ಹದಿನೈದು ದಿನ ಡ್ಯೂಟಿ ಇಲ್ಲ, ಸಂಬಳವೂ ಇಲ್ಲ. ಆ ತಿಂಗಳು ನನ್ನ ಸ್ಕೂಲ್ ಫೀಸು ಕಟ್ಟಿದ್ದು ದೊಡ್ಡಪ್ಪ.

ಚೆಕಿಂಗ್ ಮಾಡಬಾರದು ಅಂತ ಅಪ್ಪ ಯಾವತ್ತೂ ಅಂದಿಲ್ಲ. ದುಡ್ಡು ಹೊಡೆಯೋ ಕಂಡಕ್ಟರುಗಳು ಇದ್ರು, ಅವರಿಗೂ ಗೊತ್ತಿತ್ತು. ಡ್ಯೂಟಿಗೆ ವಾಪಸ್ ಹೋದ ದಿನ ಅವರು ಮಾಡಿದ ಕೆಲಸ ಒಂದೇ. ಅಂಗಡಿಯಿಂದ ಅಂಗೈಯಗಲದ ಒಂದು ನೋಟ್‌ಬುಕ್ ತಗೊಂಡ್ರು. ಎಲ್ಲಿ, ಎಷ್ಟು ಗಂಟೆಗೆ, ಎಷ್ಟು ಜನ ಹತ್ತಿದ್ರು ಅಂತ ಬರೆಯೋಕೆ ಶುರು ಮಾಡಿದ್ರು. ಚೆಕಿಂಗ್ ಬಂದಾಗ ಅವರ ಶೀಟಿಗೆ ತಾವು ಸಹಿ ಹಾಕಿ, ತಮ್ಮ ನೋಟ್‌ಬುಕ್ ಮುಂದೆ ಹಿಡಿದು "ಸಾರ್, ಇದಕ್ಕೆ ನಿಮ್ಮದೊಂದು ಸಹಿ" ಅಂತ ಕೇಳೋರು. ಕೆಲವರು ಹಾಕ್ತಿದ್ರಂತೆ. ಕೆಲವರು ನಕ್ಕು ಜೀಪ್ ಹತ್ತುತ್ತಿದ್ರಂತೆ. ಅಂಥ ನೋಟ್‌ಬುಕ್ ಹನ್ನೊಂದು ಇವೆ, ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಇಳಿಸಿ ನೋಡಿದೆ. ಪೆನ್ಸಿಲ್ ಅಕ್ಷರ, ಬಸ್ಸಿನ ಕುಲುಕಾಟಕ್ಕೆ ಓರೆ ಓರೆ, ಅಲ್ಲಲ್ಲಿ ಬೇರೆ ಬೇರೆ ಇಂಕಿನ ಸಹಿಗಳು.

ಭಾನುವಾರ ಅಪ್ಪನಿಗೆ ಫೋನಲ್ಲಿ ಈ ಕಡ್ಡಿ ಕಥೆಯನ್ನೆಲ್ಲ ಹೇಳಿದೆ. ಚದುರಂಗ, ರಾಜ ಎಲ್ಲ "ಹೂಂ ಹೂಂ" ಅಂತ ಕೇಳಿದ್ರು. ಕಡ್ಡಿ ಸೀಳೋ ಜಾಗಕ್ಕೆ ಬಂದಾಗ ತಡೆದು ಕೇಳಿದ್ರು.

"ಕಟ್ಟಿದವನ ಕೈಲೂ ಒಂದು ಅರ್ಧ ಇರ್ತಿತ್ತಾ?"

"ಹೂಂ ಅಪ್ಪ. ಉದ್ದ ಇರೋ ಅರ್ಧ ಅವನ ಹತ್ರಾನೇ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ,

"ಅಂಥದ್ದನ್ನ ಯಾಕೋ ಸುಟ್ರು?"